ಬರ್ಲಿನ್ನಿನ ಹುಳಿ ಬಿಯರೂ ರಾಸ್‌ಬೆರಿ ಹಣ್ಣೂ

ಬರ್ಲಿನ್ ನಗರದ ‘ವೈಸೆ’ ಎಂಬ ಹುಳಿಯಾದ ಗೋಧಿ ಬಿಯರಿಗೆ ರಾಸ್‌ಬೆರಿಯ ಪಾನಕವನ್ನು ಬೆರೆಸಿ ಕುಡಿಯುವ ಪದ್ಧತಿ ಪ್ರಸಿದ್ಧವಾದುದು. ಈಚೆಗೆ ಈ ಬಿಯರನ್ನು ಮನೆಯಲ್ಲಿಯೇ ತಯಾರಿಸುವ ಹವ್ಯಾಸಿಗಳು ಹಣ್ಣನ್ನು ಹುದುಗುವ ಪಾತ್ರೆಗೇ ಹಾಕಿ, ಇದು ಬರ್ಲಿನ್ನಿನ ಸಂಪ್ರದಾಯವೆಂದು ಹೇಳುವುದುಂಟು. ಎರಡು ಕ್ರಮಗಳೂ ಒಂದೇ ಎಂದು ತೋರಬಹುದಾದರೂ ಅವುಗಳ ಫಲ ಪರಸ್ಪರ ವಿರುದ್ಧವಾದುದು.

ಮೊದಲು ಹುಳಿಯ ಮೂಲವನ್ನು ನೋಡೋಣ. ಮೊಳಕೆ ಬರಿಸಿ ಒಣಗಿಸಿದ ಗೋಧಿ ಬಾರ್ಲಿಗಳನ್ನು ಒಡೆದು ಬಿಸಿನೀರಿನಲ್ಲಿ ನೆನೆಯಿಟ್ಟರೆ ಅವುಗಳಲ್ಲಿನ ಪಿಷ್ಟವು ಸಕ್ಕರೆಯಾಗಿ ಸಿಹಿರಸ ದೊರೆಯುತ್ತದೆ. ಸಾಮಾನ್ಯವಾಗಿ ಇದಕ್ಕೆ ಹಾಪ್ ಎಂಬ ಬಳ್ಳಿಯ ಕಹಿ ಹೂವನ್ನು ಹಾಕಿ ಕುದಿಸುವರು. ಹಾಪಿನ ಕಹಿಯು ಹುಳಿ ಬರಿಸುವ ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆ. ಬರ್ಲಿನ್ನಿನವರು ಹಾಪನ್ನು ತೀರ ಮಿತವಾಗಿ ಬಳಸಿ, ಯೀಸ್ಟಿನೊಡನೆ ಆ ಬ್ಯಾಕ್ಟೀರಿಯಗಳಿಗೂ ಎಡೆಗೊಟ್ಟರು. ಇಂಥ ಬ್ಯಾಕ್ಟೀರಿಯಗಳ ಒಂದು ಜಾತಿಗೆ ಬರ್ಲಿನ್ನಿನಲ್ಲಿ ಹುದುಗುವಿಕೆಯನ್ನು ಅಭ್ಯಸಿಸಿದ ಮ್ಯಾಕ್ಸ್ ಡೆಲ್‌ಬ್ರೂಕರ ಹೆಸರನ್ನಿಟ್ಟಿದ್ದಾರೆ. ಬಲ್ಗೇರಿಯದ ಮೊಸರಿನ ಬ್ಯಾಕ್ಟೀರಿಯವು ಇಂದು ಅದರ ಉಪಜಾತಿಯೆಂದೇ ಗಣಿತವಾಗಿದೆ. ಹಾಲಿಗೆ ಹೆಪ್ಪು ಹಾಕಿ ಬಲ್ಲ ನಾವು ಈ ಹುಳಿಯನ್ನು ಕೇವಲ ಕೆಡುಕೆಂದು ಭಾವಿಸಬೇಕಾಗಿಲ್ಲ.

ಮನೆಯಲ್ಲಿ ತಯಾರಿಸುವವರಲ್ಲಿ ಹಲವರು ಸಿಹಿರಸವನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೆರಡು ದಿನವಿಟ್ಟು ಹುಳಿ ಬರಿಸಿ, ಅನಂತರ ಕುದಿಸಿ ಬ್ಯಾಕ್ಟೀರಿಯವನ್ನು ಕೊಂದು, ಆರಿದ ಮೇಲೆ ಯೀಸ್ಟನ್ನು ಸೇರಿಸುತ್ತಾರೆ. ಮದ್ಯಾಂಶ ಶೇಕಡ 3ರಷ್ಟು ಮಾತ್ರ.

ಇನ್ನು ಹಣ್ಣಿನ ವಿಚಾರ. ಲೋಟಕ್ಕೆ ಸುರಿದ ಪಾನಕದ ಸಕ್ಕರೆ ಹಾಗೆಯೇ ಉಳಿದು ಹುಳಿಯನ್ನು ಮರೆಸುತ್ತದೆ. ಪಾತ್ರೆಗೆ ಹಾಕಿದ ಹಣ್ಣಿನ ಸಕ್ಕರೆಯನ್ನಾದರೋ ಯೀಸ್ಟ್ ತಿಂದುಬಿಡುತ್ತದೆ. ಉಳಿಯುವುದು ಬಣ್ಣ, ಪರಿಮಳ, ಮತ್ತು ಹಣ್ಣಿನದೇ ಆದ ಹುಳಿ. ಹೀಗೆ ಒಂದೇ ಹಣ್ಣು ಒಂದು ಕಡೆ ಹುಳಿಯನ್ನು ತಗ್ಗಿಸಿದರೆ ಇನ್ನೊಂದು ಕಡೆ ಹೆಚ್ಚಿಸುತ್ತದೆ. (ಈ ಸಕ್ಕರೆ ಪೂರ್ತಿಯಾಗಿ ಹುದುಗುವ ಮೊದಲೇ ಬಾಟಲಿಗೆ ಬಿರಡೆ ಹಾಕಿದರೆ ಬಾಟಲಿ ಸಿಡಿಯುವುದೂ ಉಂಟು.)

ಬವೇರಿಯದ 1516ರ ಬಿಯರ್ ಶಾಸನದ ಪರಂಪರೆಗೆ ಸೇರಿದ ನಿಯಮಗಳು 1906ರಲ್ಲಿ ಉತ್ತರ ಜರ್ಮನಿಗೂ ವಿಸ್ತರಿಸಿದುವು. ಅವು ಇಂಥ ಬಿಯರಿನಲ್ಲಿ ಗೋಧಿಗೆ ಎಡೆಗೊಟ್ಟುವು, ಹಣ್ಣಿಗೆ ಕೊಡಲಿಲ್ಲ. ಲೋಟಕ್ಕೆ ಪಾನಕ ಬೆರೆಸುವುದು ಕುಡಿಯುವವನ ಇಚ್ಛೆಗೆ ಸೇರಿದ್ದು. ಅದು ತಯಾರಿಕೆಯ ಭಾಗವೇ ಅಲ್ಲ. ಹಣ್ಣನ್ನು ಪೀಪಾಯಿಯಲ್ಲಿಯೇ ಬಿಯರಿನೊಡನೆ ತಿಂಗಳುಗಟ್ಟಲೆ ಇಡುವ ಹಳೆಯ ರೂಢಿಯನ್ನು ನೋಡಬೇಕಾದರೆ ಬೆಲ್ಜಿಯಮ್ಮಿಗೆ, ಬ್ರಸೆಲ್ಸಿನ ಸುತ್ತಲಿನ ‘ಲ್ಯಾಂಬಿಕ್’ ತಯಾರಕರಲ್ಲಿಗೆ ಹೋಗಬೇಕು. ಹವ್ಯಾಸಿಯ ಪಾತ್ರೆಯಲ್ಲಿ ಇಂದು ಹುದುಗುತ್ತಿರುವುದು ಬರ್ಲಿನ್ನಿನ ಬಿಯರು, ಬೆಲ್ಜಿಯಮ್ಮಿನ ವಿಧಾನದಲ್ಲಿ.