ಕಲ್ಲು ಬೆಳೆಯುವ ನೆಲಕ್ಕೆ ಉಕ್ಕಿನ ಬಾಚಣಿಗೆ

ವಸಂತಾಗಮನವೆಂದರೆ ಕನ್ನಡ ಕವಿಗಳಿಗೆ ಮಾವಿನ ಚಿಗುರು, ಕೋಗಿಲೆಯ ಕೂಜನ. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಪ್ರಾಂತದ ಗೃಹಸ್ಥನಿಗಾದರೋ ಅದು ಕಲ್ಲಿನ ಸುಗ್ಗಿ! ಚಳಿಗಾಲಕ್ಕೆ ಮುನ್ನ ಒಂದನ್ನೂ ಬಿಡದೆ ಆರಿಸಿ ಹಸನುಗೊಳಿಸಿದ ನೆಲದಲ್ಲಿ, ಹಿಮ ಕರಗಿದೊಡನೆ ಮುಷ್ಟಿಗಾತ್ರದ ಕಲ್ಲುಗಳು ಮತ್ತೆ ಮೊಳೆತು ನಿಂತಿರುತ್ತವೆ. ಹಿಂದಿನ ಕಾಲದ ವಲಸೆಗಾರರಲ್ಲಿ ಕೆಲವರು ಇದನ್ನು ಸೈತಾನನ ಕೈವಾಡವೆಂದೇ ಬಗೆದಿದ್ದರಂತೆ.

ಸೈತಾನನ ಪಾತ್ರ ಇದರಲ್ಲಿ ಏನೂ ಇಲ್ಲ. ಹತ್ತು ಸಹಸ್ರ ವರ್ಷಗಳಿಗೂ ಹಿಂದೆ ಅಲ್ಲಿಂದ ಹಿಂಜರಿದ ಹಿಮನದಿಗಳು ತಾವು ಉಜ್ಜಿ ತಂದ ಕಲ್ಲುರಾಶಿಯನ್ನು ಮಣ್ಣಿನೊಡನೆ ಬೆರಸಿ ಬಿಟ್ಟುಹೋದವು. ನೀರು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ಶಾಖವನ್ನು ಮಣ್ಣಿಗಿಂತ ಬೇಗನೆ ಹಾಯಗೊಡುವ ಕಲ್ಲಿನ ಅಡಿಯಲ್ಲಿ ಮೊದಲು ಮಂಜುಗಡ್ಡೆ ಕಟ್ಟಿ, ಕೆಳಗಿನ ತೇವವನ್ನೂ ಸೆಳೆದುಕೊಂಡು ಬೆಳೆದು, ಕಲ್ಲನ್ನು ಮೇಲಕ್ಕೆತ್ತುತ್ತದೆ. ಹಿಮ ಕರಗಿದಾಗ ಕಲ್ಲು ಸ್ವಸ್ಥಾನಕ್ಕೆ ಇಳಿಯುವಷ್ಟರಲ್ಲಿ ಆ ತೆರಪಿನೊಳಕ್ಕೆ ನುಣ್ಮಣ್ಣು ಜಾರಿ ತುಂಬಿರುತ್ತದೆ. ಹೀಗೆ ವರ್ಷ ವರ್ಷವೂ ಅಂಗುಲ ಅಂಗುಲವಾಗಿ ಏರಿ ಕಲ್ಲು ಒಂದು ದಿನ ಬಿಸಿಲು ಕಾಣುತ್ತದೆ. ಹೊಲದ ಅಂಚಿಗೆ ಎತ್ತಿಹಾಕಿದ ಇಂಥ ಕಲ್ಲುಗಳಿಂದಲೇ ಆ ಸೀಮೆಯ ಹೆಸರುವಾಸಿಯಾದ ಕಲ್ಲುಗೋಡೆಗಳು ಎದ್ದುವು. ಅವನ್ನು ನೋಡಿ ಪ್ರವಾಸಿಗಳು ಮೆಚ್ಚುತ್ತಾರೆ. ಎತ್ತಿದವರ ಬೆನ್ನುಮೂಳೆಯ ಮಾತನ್ನು ಯಾರೂ ಕೇಳುವುದಿಲ್ಲ.

ಈ ಬೆನ್ನುನೋವಿಗೆ ಸಿಕ್ಕಿದ ಪರಿಹಾರಗಳಲ್ಲಿ ಒಂದು, ಟ್ರಾಕ್ಟರಿನ ಹಿಂದೆ ಕಟ್ಟುವ ಲ್ಯಾಂಡ್‌ಸ್ಕೇಪ್ ರೇಕ್. ಹಳೆಯ ಮೈಸೂರು ಸೀಮೆಯಲ್ಲಿ ರಾಗಿಯ ಎಳೆಪೈರಿಗೆ ಹಲುಬೆ ಹೊಡೆಯುವುದನ್ನು ಕಂಡವರಿಗೆ ಇದರ ಪರಿಚಯ ಕಷ್ಟವಲ್ಲ. ಹಲುಬೆಯ ಮರದ ದಿಂಡಿನ ಸ್ಥಾನದಲ್ಲಿ ಇಲ್ಲಿ ಕಬ್ಬಿಣದ ತೊಲೆ. ಹಲ್ಲುಗಳ ಸ್ಥಾನದಲ್ಲಿ ಮುಂದಕ್ಕೆ ಬಾಗಿದ ಸ್ಪ್ರಿಂಗ್ ಉಕ್ಕಿನ ಪಟ್ಟಿಗಳು. ಎತ್ತುಗಳ ಸ್ಥಾನದಲ್ಲಿ ಎಂಜಿನ್ನು. ಅಗಲ ಸಾಮಾನ್ಯವಾಗಿ 4ರಿಂದ 8 ಅಡಿ. ಹಲ್ಲುಗಳ ನಡುವೆ ಸುಮಾರು ಒಂದು ಅಂಗುಲದ ಸಂದು. ಮಣ್ಣು ಇದರೊಳಗೆ ಸೋರಿಹೋಗುತ್ತದೆ, ಕಲ್ಲು, ಬೇರು, ಕಡ್ಡಿಕಸರು ಉಳಿಯುತ್ತವೆ. ಹೂತ ಬಂಡೆಗೆ ತಾಗಿದರೆ ಹಲ್ಲು ಮುರಿಯದೆ ಹಿಂದಕ್ಕೆ ಬಾಗಿ, ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ.

ತೊಲೆಯನ್ನು ಅಡ್ಡಲಾಗಿ ನಿಲ್ಲಿಸಿದರೆ ಕಸವೆಲ್ಲ ಮುಂದೆ ರಾಶಿಯಾಗುತ್ತದೆ. ಬೇಕಾದೆಡೆ ರೇಕನ್ನು ಎತ್ತಿದರೆ ಅಲ್ಲಿಯೇ ಒಂದು ಗುಡ್ಡೆ. ತೊಲೆಯನ್ನು ಓರೆಯಾಗಿ ತಿರುಗಿಸಿ ಗೂಟ ಜಡಿದರೆ ಅದು ಪಕ್ಕಕ್ಕೆ ಸರಿದು ಉದ್ದ ಸಾಲಾಗಿ ಬೀಳುತ್ತದೆ. ಹಲ್ಲುಗಳ ಬೆನ್ನು ಮುಂದಾಗುವಂತೆ ಪೂರ್ತಿ ತಿರುಗಿಸುವ ಅನುಕೂಲವೂ ಹಲವು ರೇಕುಗಳಲ್ಲುಂಟು. ಆಗ ಅದು ಬಾಚುವುದನ್ನು ಬಿಟ್ಟು ನೆಲವನ್ನು ಸವರುತ್ತದೆ. ಹಿಂಬದಿಗೆ ಎರಡು ಸಣ್ಣ ಚಕ್ರಗಳನ್ನು ಜೋಡಿಸಿದರಂತೂ ಹಲ್ಲು ಎಷ್ಟು ಆಳಕ್ಕೆ ಇಳಿಯಬೇಕೆಂಬುದು ಒಡೆಯನ ಹಿಡಿತದಲ್ಲಿರುತ್ತದೆ.

ಇಷ್ಟೆಲ್ಲ ಸಾಧ್ಯವಾದದ್ದು ರೇಕಿನ ಜಾಣತನದಿಂದಲ್ಲ, ಅದನ್ನು ಹೊರುವ ಮೂರು ತೋಳುಗಳಿಂದ. ಆ ತೋಳುಗಳ ಹಿಂದೆ ಹ್ಯಾರಿ ಫರ್ಗುಸನ್ ಎಂಬ ಹಟವಾದಿಯ ಕಥೆಯಿದೆ. 1884ರಲ್ಲಿ ಐರ್ಲೆಂಡಿನ ಉತ್ತರಭಾಗದ ರೈತ ಕುಟುಂಬದಲ್ಲಿ ಹುಟ್ಟಿದ ಈತ 1909ರ ಡಿಸೆಂಬರಿನಲ್ಲಿ ಸ್ವತಃ ಕಟ್ಟಿದ ವಿಮಾನವನ್ನು ಹಾರಿಸಿದ್ದ ಸಾಹಸಿ. 1917ರಲ್ಲಿ, ಮಹಾಯುದ್ಧದ ನಡುವೆ, ಐರ್ಲೆಂಡಿನ ಟ್ರಾಕ್ಟರುಗಳ ಕೆಲಸವನ್ನು ಸುಧಾರಿಸುವ ಹೊಣೆ ಇವನ ಮೇಲೆ ಬಿತ್ತು. ಆ ಕಾಲದ ನೇಗಿಲು ಟ್ರಾಕ್ಟರಿನ ಹಿಂದೆ ಬಂಡಿಯಂತೆ ಎಳೆದಾಡುತ್ತಿತ್ತು. ನೇಗಿಲು ಬಂಡೆಗೆ ಸಿಕ್ಕಿ ನಿಂತರೆ, ಎಂಜಿನ್ನಿನ ಬಲಕ್ಕೆ ಟ್ರಾಕ್ಟರಿನ ಮೂತಿಯೇ ಮೇಲೆದ್ದು, ಯಂತ್ರ ಹಿಮ್ಮುಖವಾಗಿ ಮಗುಚಿ ಚಾಲಕನನ್ನು ಅಪ್ಪಳಿಸುತ್ತಿತ್ತು. ಹಾಗೆ ಸತ್ತವರು ಒಬ್ಬಿಬ್ಬರಲ್ಲ.

ಕೆಳಗೆರಡು, ಮೇಲೊಂದು ತೋಳುಗಳಿಂದ ಸಲಕರಣೆಯನ್ನು ಟ್ರಾಕ್ಟರಿನ ಅಂಗವಾಗಿಯೇ ಬೆಸೆದದ್ದು ಫರ್ಗುಸನ್ನನ ಯುಕ್ತಿ. ಕೆಳಗಿನವು ಎಳೆಯುತ್ತವೆ, ಮೇಲಿನದು ಮುಂದಕ್ಕೆ ಒತ್ತುತ್ತದೆ. ಎಳೆತ ಹೆಚ್ಚಿದಷ್ಟೂ ಮುಂಗಾಲಿಗಳು ನೆಲವನ್ನು ಬಿಗಿಯಾಗಿ ಕಚ್ಚುತ್ತವೆ. ಎಣ್ಣೆಯ ಒತ್ತಡದಿಂದ ಆಳವನ್ನು ತಾನಾಗಿ ತಿದ್ದಿಕೊಳ್ಳುವ ಏರ್ಪಾಟಿಗೆ 1926ರಲ್ಲಿ ಪೇಟೆಂಟು ದೊರೆಯಿತು. 1938ರಲ್ಲಿ ಹೆನ್ರಿ ಫೋರ್ಡನೊಡನೆ ಬರಿಯ ಕೈಕುಲುಕಿನ ಮೇಲೆ ನಡೆದ ಒಪ್ಪಂದದಿಂದ ಮರುವರ್ಷವೇ ಹೊಸ ಟ್ರಾಕ್ಟರು ಹೊರಬಂದಿತು. ಕಾಗದವಿಲ್ಲದ ಆ ಒಪ್ಪಂದ ಫೋರ್ಡನ ಮೊಮ್ಮಗನ ಕಾಲದಲ್ಲಿ ಮುರಿದು, ಮೊಕದ್ದಮೆಯಾಗಿ, 1952ರಲ್ಲಿ 92 ಲಕ್ಷ 50 ಸಾವಿರ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಅಷ್ಟರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಿಂದ ಹೊರಡುತ್ತಿದ್ದ ಅವನ ಬೂದುಬಣ್ಣದ ಪುಟ್ಟ ಟ್ರಾಕ್ಟರು ಲೋಕವನ್ನೇ ಸುತ್ತಿತ್ತು. 1946ರಿಂದ 1956ರವರೆಗೆ ತಯಾರಾದವು 5 ಲಕ್ಷಕ್ಕೂ ಹೆಚ್ಚು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವವನ್ನು ಮುಟ್ಟಿದ್ದು ಈ ಜಾತಿಯ ಟ್ರಾಕ್ಟರುಗಳಲ್ಲೇ. ಮನೆಯ ಮುಂದಿನ ಹುಲ್ಲುಹಾಸನ್ನು ಬಾಚಲು ಧ್ರುವ ತಲುಪಿದ ಯಂತ್ರ!

ಆದರೆ ಹುಲ್ಲುಹಾಸಿನಲ್ಲಿ ರೇಕಿನ ಪ್ರತಾಪ ಮಿತವಾಗಿಯೇ ಇರಬೇಕು. ಹೊಸ ಹುಲ್ಲು ಬಿತ್ತುವ ಮುನ್ನ ಮಣ್ಣನ್ನು ಸಮಗೊಳಿಸಿ ಕಲ್ಲು ತೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಸಲಕರಣೆ ವಿರಳ. ಬೆಳೆದ ಹುಲ್ಲಿನಲ್ಲಾದರೆ, ಹಸುರಿಗೂ ಮಣ್ಣಿಗೂ ನಡುವೆ ಕಟ್ಟಿಕೊಳ್ಳುವ ಒಣಗಿದ ಪದರವನ್ನು ಚಕ್ರಗಳ ಆಸರೆಯಲ್ಲಿ ಮೆಲ್ಲನೆ ಕೆದಕಬಹುದು. ಆಳಕ್ಕಿಳಿದರೆ ಒಣಹುಲ್ಲಿನೊಡನೆ ಹಸಿಹುಲ್ಲೂ ಬೇರುಸಹಿತ ಬರುತ್ತದೆ. ಒದ್ದೆನೆಲದಲ್ಲಂತೂ ಟ್ರಾಕ್ಟರನ್ನು ಇಳಿಸಲೇಬಾರದು. ಗಾಲಿಗಳ ಭಾರಕ್ಕೆ ಮಣ್ಣು ಇಟ್ಟಿಗೆಯಂತೆ ಬಿಗಿಯುತ್ತದೆ. ಗಟ್ಟಿನೆಲವನ್ನು ಅಗೆಯುವ ಶಕ್ತಿಯೂ ರೇಕಿಗಿಲ್ಲ. ಮೊದಲು ಬೇರೆ ಸಲಕರಣೆಯಿಂದ ಸಡಿಲಿಸಿಕೊಡಬೇಕು.

ಅದರ ನಿಜವಾದ ಸೊಬಗನ್ನು ಜಲ್ಲಿದಾರಿಯಲ್ಲಿ ಕಾಣಬೇಕು. ಕಾರುಗಳು ಓಡಾಡಿದಂತೆಲ್ಲ ಜಲ್ಲಿ ಅಂಚಿಗೆ ಸರಿದು, ನಡುವೆ ಗುಂಡಿ ಬಿದ್ದು, ನೀರು ನಿಲ್ಲುತ್ತದೆ. ರೇಕನ್ನು ಓರೆಮಾಡಿ ಅಂಚಿನಗುಂಟ ನಡಿಗೆಯ ವೇಗದಲ್ಲಿ ಹೋಗಿ, ಮರಳುವಾಗ ಇನ್ನೊಂದು ಅಂಚಿನಲ್ಲಿ ಬಂದರೆ, ಚದರಿದ ಜಲ್ಲಿಯೆಲ್ಲ ಮತ್ತೆ ನಡುಬೆನ್ನಿಗೆ ಸೇರುತ್ತದೆ. ಅಡಿಗೆ ಅರ್ಧ ಅಂಗುಲದಷ್ಟು ಇಳಿಜಾರು ಉಳಿದರೆ ಮಳೆನೀರು ಎರಡು ಪಕ್ಕಕ್ಕೂ ಹರಿದುಹೋಗುತ್ತದೆ. ವೇಗ ಹೆಚ್ಚಿಸಿದರೆ ರೇಕು ಕುಪ್ಪಳಿಸಿ ದಾರಿಯ ತುಂಬ ಅಲೆಗಳನ್ನು ಮೂಡಿಸುತ್ತದೆ. ಅವಸರದವರ ದಾರಿಯನ್ನು ನೋಡಿದೊಡನೆ ಗುರುತಿಸಬಹುದು.

ಫರ್ಗುಸನ್ನನ ಯುಕ್ತಿಯಿಂದ ಟ್ರಾಕ್ಟರಿನ ಅಪಾಯ ತಗ್ಗಿತೇ ಹೊರತು ನೀಗಲಿಲ್ಲ. ರೇಕಿಗೆ ಬಗ್ಗದ ಮರದ ಬೊಡ್ಡೆಯನ್ನು ಕೀಳಲೆಂದು ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಬಿಗಿದು ಎಳೆಯುವವರು ಇಂದಿಗೂ ಇದ್ದಾರೆ. ಆಗ ಟ್ರಾಕ್ಟರು ಒಂದೂವರೆ ಸೆಕೆಂಡಿನೊಳಗೆ ಹಿಂದಕ್ಕೆ ಮಗುಚಬಲ್ಲುದು. ಜಿಗಿದು ಪಾರಾಗುವೆನೆಂಬುದು ಭ್ರಮೆ. ಇಳಿಜಾರಿನ ಹುಲ್ಲುಹಾಸಿನಲ್ಲಿ ಅಡ್ಡಡ್ಡಲಾಗಿ ಓಡಿಸಿದಾಗ ಪಕ್ಕಕ್ಕೆ ಉರುಳುವುದೂ ಉಂಟು. ಚಾಲಕನ ಹಿಂದೆ ಕಾಪುಗಂಬಿ ಇರಲೇಬೇಕೆಂದು ಸ್ವೀಡನ್ 1959ರಲ್ಲಿಯೇ ಹೊಸ ಟ್ರಾಕ್ಟರುಗಳಿಗೆ ಕಟ್ಟಳೆ ಮಾಡಿತು. ಅಮೆರಿಕದಲ್ಲಿ 1976ರಲ್ಲಿ ಜಾರಿಗೆ ಬಂದ ನಿಯಮ ಕೂಲಿಯಾಳು ಓಡಿಸುವ ಟ್ರಾಕ್ಟರಿಗಷ್ಟೇ ಅನ್ವಯಿಸಿತು. ತನ್ನ ಅಂಗಳವನ್ನು ತಾನೇ ಬಾಚುವ ಗೃಹಸ್ಥ ಅದರ ಹೊರಗೇ ಉಳಿದನು. ಗಂಬಿಯಿಲ್ಲದ ಹಳೆಯ ಟ್ರಾಕ್ಟರುಗಳನ್ನು ಅಗ್ಗವೆಂದು ಕೊಂಡು ಸಣ್ಣ ತೋಟಗಳಲ್ಲಿ ಓಡಿಸುವವರು ಈಗಲೂ ಇದ್ದಾರೆ. ಗಂಬಿಯಿದ್ದವರು ಮರದ ಕೊಂಬೆಗೆ ತಾಗದಿರಲೆಂದು ಮಡಿಸಿ, ಮತ್ತೆ ನಿಲ್ಲಿಸಲು ಮರೆಯುವುದುಂಟು. ಇನ್ನು ಕೆಲವು ತಂದೆಯರು ರಜೆಯ ದಿನದ ಉಲ್ಲಾಸದಲ್ಲಿ, ಒಬ್ಬರಿಗಾಗಿಯೇ ಮಾಡಿದ ಆ ಆಸನದ ಪಕ್ಕದಲ್ಲಿ, ಮಡ್‌ಗಾರ್ಡಿನ ಮೇಲೆ, ಹಿಡಿದುಕೊಳ್ಳಲು ಏನೂ ಇಲ್ಲದ ಎಡೆಯಲ್ಲಿ, ಮಗುವನ್ನೂ ಕೂರಿಸಿಕೊಂಡು ಹೊರಡುತ್ತಾರೆ.