ಜಿಂಕೆ ಕೊಂಬಿನ ಹಿಡಿ ಬೇಕಾ?

ಮೊಬೈಲಲ್ಲಿ ನೋಡಿರ್ತೀರಿ, ಜಿಂಕೆ ಕೊಂಬಿನ ಹಿಡಿ ಹಾಕಿದ ಮಡಚೋ ಚಾಕು. ಒಂದು ಒರಟು, ಇನ್ನೊಂದು ಪಾಲಿಶ್. ಯಾವುದು ತಗೊಳ್ಳೋದು?

ನಮ್ಮಲ್ಲಿ ಎರಡೂ ಬೇಡ! ಕಾಡಲ್ಲಿ ತಾನಾಗಿ ಉದುರಿದ ಕೊಂಬೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಸರ್ಕಾರದ್ದು. ಎತ್ಕೊಂಡು ಬರೋ ಹಾಗಿಲ್ಲ, ಮಾರೋ ಹಾಗೂ ಇಲ್ಲ.

ಹೊನ್ನಾಳಿ, ನ್ಯಾಮತಿ ಕಡೆ ಸಂತೇಲಿ ಮರದ ಹಿಡಿಯದ್ದೇ ನೋಡಿ. ಚನ್ನಗಿರಿ ತೋಟದವರನ್ನ ಕೇಳಿ: ಹಸಿ ಅಡಿಕೆ ಚೊಗರಿಗೆ ಬೆವರು ಸೇರಿದ್ರೆ ನುಣುಪು ಹಿಡಿ ಜಾರುತ್ತೆ. ಒರಟು ಹಿಡಿ ಅಂಗೈಗೆ ಕೂರುತ್ತೆ, ಆದ್ರೆ ಸಂದಿಯಲ್ಲಿ ಕೊಳೆ ಕಟ್ಟುತ್ತೆ. ನಾನಾದ್ರೆ ಅರೆಒರಟು ತಗೊಂಡು, ಮೇಲೆ ಒಂಚೂರು ಅಗಸೆ ಎಣ್ಣೆ ಸವರ್ತೀನಿ.