ಪೆಟ್ರೋಲ್ ಟ್ಯಾಂಕಿನ ಆವಿ: ಸೋರಿಕೆ ಮತ್ತು ಅಡಚಣೆಯನ್ನು ಪತ್ತೆ ಹಚ್ಚುವ ಬಗೆ

ಹಿಂದೆ ಎತ್ತಿನ ಬಂಡಿ ಮಾಡುತ್ತಿದ್ದ ಎಷ್ಟೋ ಕೆಲಸಗಳನ್ನು ಬೇಮಳಖೇಡದಂತಹ ಊರುಗಳಲ್ಲಿ ಇಂದು ಮೋಟಾರ್ ಸೈಕಲ್ ಮಾಡುತ್ತಿದೆ. ಹೊಲಕ್ಕೆ ಬುತ್ತಿ ಒಯ್ಯುವುದಕ್ಕೂ, ಹುಮನಾಬಾದಿನಿಂದ ಬೀಜ, ಔಷಧಿ ತರುವುದಕ್ಕೂ ಅದೇ ಬೇಕು. ರಾತ್ರಿ ಅದನ್ನು ಪಡಸಾಲೆಯಲ್ಲಿ ನಿಲ್ಲಿಸುವವರೂ ಉಂಟು. ಮನೆಯೊಳಗೆ ಪೆಟ್ರೋಲ್ ವಾಸನೆ ಹರಡಿದರೆ ಅದನ್ನು ಅಲಕ್ಷಿಸಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ಒಲೆಯನ್ನೋ ದೀಪವನ್ನೋ ಮುಟ್ಟಬಲ್ಲದು. ಗಾಳಿಯಲ್ಲಿ ಶೇಕಡ ಒಂದೂವರೆಯಷ್ಟು ಆವಿ ಬೆರೆತರೂ ಬೆಂಕಿ ಹೊತ್ತಿಕೊಳ್ಳುತ್ತದೆ.

ವ್ಯವಸ್ಥೆಯ ಪರಿಚಯ

ಟ್ಯಾಂಕು ಉಸಿರಾಡಬೇಕು. ಬಿಸಿಲಿಗೆ ಪೆಟ್ರೋಲ್ ಆವಿಯಾದಾಗ ಆ ಆವಿಗೆ ಹೊರದಾರಿ ಬೇಕು. ಎಂಜಿನ್ ಪೆಟ್ರೋಲನ್ನು ಎಳೆದುಕೊಂಡಾಗ ತೆರವಾದ ಜಾಗಕ್ಕೆ ಗಾಳಿ ಬರಬೇಕು. ಹಿಂದೆ ಆವಿ ನೇರವಾಗಿ ಹೊರಗೆ ಹೋಗುತ್ತಿತ್ತು. 2017ರಲ್ಲಿ ಎಲ್ಲ ದ್ವಿಚಕ್ರ ವಾಹನಗಳಿಗೆ ಅನ್ವಯವಾದ ಭಾರತ್ ಸ್ಟೇಜ್-4 ಮತ್ತು 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್-6 ನಿಯಮಗಳಲ್ಲಿ ಈ ಆವಿಗೂ ಮಿತಿ ಇದೆ. ಆದ್ದರಿಂದ ಈಗಿನ ವಾಹನಗಳಲ್ಲಿ ಆವಿಯು ಒಂದು ರಬ್ಬರ್ ಪೈಪಿನ ಮೂಲಕ ಇದ್ದಿಲು ತುಂಬಿದ ಡಬ್ಬಿಗೆ ಹೋಗುತ್ತದೆ. ಇದಕ್ಕೆ ಕ್ಯಾನಿಸ್ಟರ್ ಎನ್ನುತ್ತಾರೆ.

ಕಪ್ಪು ಮಣ್ಣಿನ ಜೇಡಿಕಣಗಳು ಪೋಷಕಾಂಶಗಳನ್ನು ಮೈಮೇಲೆ ಹಿಡಿದಿಟ್ಟುಕೊಂಡು ಬೇರಿಗೆ ಬಿಟ್ಟುಕೊಡುವುದನ್ನು ನೀವು ಬಲ್ಲಿರಿ. ಇದ್ದಿಲಿನ ಸೂಕ್ಷ್ಮ ರಂಧ್ರಗಳು ಆವಿಯನ್ನು ಹಾಗೆಯೇ ಹಿಡಿದಿಡುತ್ತವೆ. ಎಂಜಿನ್ ಓಡುವಾಗ ಡಬ್ಬಿಯ ಗಾಳಿಕಿಂಡಿಯಿಂದ ಹೊರಗಿನ ಗಾಳಿ ಒಳಬಂದು, ಆವಿಯನ್ನು ಇನ್ನೊಂದು ಪೈಪಿನ ಮೂಲಕ ಎಂಜಿನ್‌ಗೆ ಒಯ್ಯುತ್ತದೆ. ಕಾರುಗಳಲ್ಲಿಯೂ ಅನೇಕ ದ್ವಿಚಕ್ರ ವಾಹನಗಳಲ್ಲಿಯೂ ಈ ಪೈಪಿಗೆ ಪರ್ಜ್ ವಾಲ್ವ್ ಎಂಬ ಕವಾಟವಿರುತ್ತದೆ.

ಸೋರಿಕೆಯ ಲಕ್ಷಣಗಳು

ಬಿಸಿಲಿನಲ್ಲಿ ನಿಂತ ಮೇಲೆ ಅಥವಾ ರಾತ್ರಿ ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ವಾಸನೆ ಬರುವುದು ಮೊದಲ ಲಕ್ಷಣ. ಕಾರಣಗಳು ಸಾಮಾನ್ಯವಾಗಿ ಇವು:

1. ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ಬಿರುಕು ಬಿಟ್ಟಿರುವುದು.
2. ಪೈಪು ತಿರುವಿನಲ್ಲಿ ಸೀಳಿರುವುದು, ಕ್ಲಿಪ್ಪು ಸಡಿಲವಾಗಿರುವುದು.
3. ಕಾಳು ಕೂಡಿಟ್ಟ ಮನೆಯಲ್ಲಿ ಇಲಿಗಳು ಪೈಪು ಕಡಿದಿರುವುದು.
4. ಕ್ಯಾನಿಸ್ಟರ್ ಪೆಟ್ರೋಲಿನಿಂದ ತೊಯ್ದು ಹೋಗಿರುವುದು.

ಅಡಚಣೆಯ ಲಕ್ಷಣಗಳು

ಟ್ಯಾಂಕಿಗೆ ಗಾಳಿ ಬಾರದಿದ್ದರೆ ಗಾಡಿ ಸ್ವಲ್ಪ ದೂರ ಸರಿಯಾಗಿ ಓಡಿ, ಶಕ್ತಿ ಕಳೆದುಕೊಂಡು ನಿಲ್ಲುತ್ತದೆ. ಎಂಜಿನ್ ಆರಿದ ಬಳಿಕ ಮುಚ್ಚಳ ತೆರೆಯಿರಿ. ಗಾಳಿ ರಭಸದಿಂದ ಒಳನುಗ್ಗಿ, ಮುಚ್ಚಿದ ನಂತರ ಗಾಡಿ ಸಲೀಸಾಗಿ ಹೊರಟು, ಮತ್ತೆ ಅಷ್ಟೇ ದೂರದಲ್ಲಿ ನಿಂತರೆ, ಗಾಳಿಯ ದಾರಿ ಕಟ್ಟಿದೆ ಎಂದು ತಿಳಿಯಿರಿ. ಮುಚ್ಚಳ ತೆರೆದರೂ ಹೊರಡದಿದ್ದರೆ ದೋಷ ಪ್ಲಗ್, ಫಿಲ್ಟರ್ ಅಥವಾ ಪೆಟ್ರೋಲ್ ಪಂಪಿನಲ್ಲಿರಬಹುದು. ಬಿಸಿಲಿನಲ್ಲಿ ಮುಚ್ಚಳ ತೆರೆದಾಗ ಸ್ವಲ್ಪ ಆವಿ ಹೊರಬರುವುದು ಸಹಜ, ಅದು ದೋಷವಲ್ಲ.

ಹೊಲದ ದಾರಿಯ ಧೂಳು, ಮಳೆಗಾಲದ ಕೆಸರು, ಪೈಪಿನ ತುದಿಯಲ್ಲಿ ಹುಳುಗಳು ಕಟ್ಟುವ ಮಣ್ಣಿನ ಗೂಡು, ಮಡಚಿಕೊಂಡ ಪೈಪು ಇವು ಅಡಚಣೆಗೆ ಮುಖ್ಯ ಕಾರಣಗಳು. ಎಂಜಿನ್‌ನತ್ತ ಹೋಗುವ ಪೈಪು ಕಟ್ಟಿದರೆ ಇದ್ದಿಲು ತುಂಬಿಹೋಗಿ, ಗಾಳಿಕಿಂಡಿಯಿಂದ ವಾಸನೆ ಬರುತ್ತದೆ. ಆದ್ದರಿಂದ ವಾಸನೆ ಇದ್ದಲ್ಲೆಲ್ಲ ಸೋರಿಕೆಯೇ ಇದೆ ಎನ್ನಲಾಗದು. ಪರ್ಜ್ ವಾಲ್ವ್ ತೆರೆದೇ ನಿಂತಿದ್ದರೆ ಪೆಟ್ರೋಲ್ ಹಾಕಿಸಿದ ಕೂಡಲೇ ಎಂಜಿನ್ ಹೊರಡಲು ತಡವರಿಸಬಹುದು.

ಪರೀಕ್ಷಿಸುವ ಕ್ರಮ

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ ಪರೀಕ್ಷಿಸಬೇಕು. ಬೀಡಿ, ಬೆಂಕಿಕಡ್ಡಿ, ದೀಪ ಹತ್ತಿರವಿರಬಾರದು. ಸುಲಭದ್ದನ್ನು ಮೊದಲು, ಖರ್ಚಿನದನ್ನು ಕೊನೆಗೆ ನೋಡುವುದು ಒಳ್ಳೆಯದು.

ಮೊದಲು ಮುಚ್ಚಳದ ವಾಷರನ್ನು ನೋಡಿ, ಒಣಬಟ್ಟೆಯಿಂದ ಒರೆಸಿರಿ. ಎರಡನೆಯದಾಗಿ, ಟ್ಯಾಂಕಿನಿಂದ ಕ್ಯಾನಿಸ್ಟರ್‌ಗೂ, ಅಲ್ಲಿಂದ ಎಂಜಿನ್‌ಗೂ ಹೋಗುವ ಪೈಪುಗಳನ್ನು ಬೆರಳಿನಿಂದ ಸವರುತ್ತ ಸೀಳು, ಮಡಿಕೆ, ಹಲ್ಲಿನ ಗುರುತು ಹುಡುಕಿರಿ. ಮೂರನೆಯದಾಗಿ, ಗಾಳಿಕಿಂಡಿಯ ಪೈಪಿನ ತುದಿಯ ಮಣ್ಣನ್ನು ಬಿಡಿಸಿರಿ. ನಾಲ್ಕನೆಯದಾಗಿ, ಅನುಮಾನವಿದ್ದ ಪೈಪನ್ನು ಎರಡೂ ತುದಿಗಳಲ್ಲಿ ಬಿಚ್ಚಿ, ಒಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ಹಾಯಿಸಿರಿ. ಗಾಳಿ ಇನ್ನೊಂದು ತುದಿಗೆ ಬಾರದಿದ್ದರೆ ಅಡಚಣೆ; ಆ ತುದಿ ಮುಚ್ಚಿ ಸಾಬೂನು ನೀರು ಹಚ್ಚಿದಾಗ ಗುಳ್ಳೆ ಎದ್ದರೆ ಸೋರಿಕೆ. ಪೈಪಿಗೆ ಬಾಯಿ ಹಚ್ಚಿ ಊದಬೇಡಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯನ್ನೂ ಬಿಡಬೇಡಿರಿ. ಈ ವ್ಯವಸ್ಥೆ ಇರುವುದು ಅತ್ಯಲ್ಪ ಒತ್ತಡಕ್ಕೆ. ಟೈರಿಗೆ ಹಾಕುವ 30 ಪೌಂಡು ಗಾಳಿಗೆ ಅದು ಒಡೆಯುತ್ತದೆ.

ಕ್ಯಾನಿಸ್ಟರ್‌ನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ, ಅಥವಾ ಪೈಪಿನಲ್ಲಿ ಕಪ್ಪು ಪುಡಿ ಕಂಡರೆ, ಡಬ್ಬಿ ಕೆಟ್ಟಿದೆ. ಅದನ್ನು ತೊಳೆಯುವುದರಿಂದ ಪ್ರಯೋಜನವಿಲ್ಲ. ಬೆಂಕಿಯ ಬಳಿ ಒಣಗಿಸುವುದಂತೂ ಅಪಾಯ. ಬದಲಾಯಿಸಲೇಬೇಕು. ಕವಾಟದ ಪರೀಕ್ಷೆಯನ್ನು ತಿಳಿದ ಮೆಕ್ಯಾನಿಕ್‌ಗೆ ಬಿಡಿರಿ.

ಎಚ್ಚರಿಕೆಗಳು

ಬೇಸಿಗೆಯಲ್ಲಿ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಬೇಡಿರಿ. 10 ಲೀಟರ್ ಪೆಟ್ರೋಲ್ 20 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದರೆ ಸುಮಾರು 200 ಮಿಲಿ ಲೀಟರ್ ಹಿಗ್ಗುತ್ತದೆ. ಜಾಗವಿಲ್ಲದಿದ್ದರೆ ಅದು ಕ್ಯಾನಿಸ್ಟರ್‌ಗೆ ನುಗ್ಗಿ ಇದ್ದಿಲನ್ನು ತೋಯಿಸುತ್ತದೆ.

ವಾಸನೆ ತಪ್ಪಿಸಲೆಂದು ಡಬ್ಬಿಯನ್ನು ಕಿತ್ತು ಪೈಪಿಗೆ ಬಿರಡೆ ಹೊಡೆಯುವುದು ತಪ್ಪು. ಇದರಿಂದ ಟ್ಯಾಂಕಿನ ಉಸಿರು ಕಟ್ಟಿ ಗಾಡಿ ನಡುದಾರಿಯಲ್ಲಿ ನಿಲ್ಲಬಹುದು. ಪೈಪನ್ನು ತೆರೆದು ಬಿಟ್ಟರೆ ಆವಿ ನೇರವಾಗಿ ಮನೆಯೊಳಗೆ ಸೇರುತ್ತದೆ.

ಟ್ರ್ಯಾಕ್ಟರಿನ ಡೀಸೆಲ್ ಹೆಚ್ಚು ಆವಿಯಾಗದ ಕಾರಣ ಅದಕ್ಕೆ ಇಂತಹ ಡಬ್ಬಿ ಇಲ್ಲ. ಆದರೆ ಅದರ ಟ್ಯಾಂಕಿಗೂ ಗಾಳಿ ಬೇಕು. ರಂಟೆ ಹೊಡೆಯುವಾಗ ಟ್ರ್ಯಾಕ್ಟರ್ ಪದೇ ಪದೇ ನಿಂತರೆ ಮುಚ್ಚಳದ ಗಾಳಿರಂಧ್ರವನ್ನೂ ಒಮ್ಮೆ ನೋಡಿರಿ.

ಹೊಸ ಬಿಡಿಭಾಗ ಕೊಳ್ಳುವ ಮುನ್ನ ಟ್ಯಾಂಕಿನ ಉಸಿರು ತಪ್ಪು ದಾರಿಯಲ್ಲಿ ಹೋಗುತ್ತಿದೆಯೋ, ದಾರಿಯೇ ಕಟ್ಟಿದೆಯೋ ಎಂಬುದನ್ನು ನಿರ್ಧರಿಸಿಕೊಳ್ಳಿರಿ. ಎಷ್ಟೋ ವೇಳೆ ಒಂದು ವಾಷರ್ ಅಥವಾ ಒಂದು ಗೇಣು ಪೈಪಿನಿಂದಲೇ ಕೆಲಸ ಮುಗಿಯುತ್ತದೆ. ದುರಸ್ತಿಯಾಗುವವರೆಗೆ ಗಾಡಿಯನ್ನು ಮನೆಯ ಹೊರಗೆ, ಒಲೆಗೂ ಕಣಕಿ ಬಣವೆಗೂ ದೂರದಲ್ಲಿ ನಿಲ್ಲಿಸಿರಿ.